ಗಲ್ಲಾಪೆಟ್ಟಿಗೆಯ ಧರ್ಮ

ನಮ್ಮ ಬಡಾವಣೆಯ ಅಂಗಡಿಕಾರರು ಕೆಲವರು ಸೇರಿ ತಿಂಗಳಿಗೊಮ್ಮೆ ಒಂದು ಸಣ್ಣ ಸಭೆ ನಡೆಸುವುದುಂಟು. ದಿನಸಿಯವರು, ಔಷಧಿಯವರು, ಹಾರ್ಡ್‌ವೇರಿನವರು, ಹೂವು ಮಾರುವ ಹೆಂಗಸೊಬ್ಬರು, ಹೀಗೆ ಹತ್ತು ಹನ್ನೆರಡು ಮಂದಿ. ಹೋದ ತಿಂಗಳು ಅವರ ಪೈಕಿ ಒಬ್ಬರು ಮನೆಗೆ ಬಂದು, ಸಣ್ಣ ವ್ಯಾಪಾರದಲ್ಲಿ ಮೇಲೆ ಬರುವುದಕ್ಕೆ ಯಾವ ಯಾವ ಅಭ್ಯಾಸಗಳು ಬೇಕು ಎಂಬ ವಿಷಯವಾಗಿ ನಾನು ನಾಲ್ಕು ಮಾತು ಆಡಬೇಕೆಂದು ಕೇಳಿದರು. ನಾನು ಜೀವಮಾನವೆಲ್ಲ ಹುಡುಗರಿಗೆ ಗಣಿತ ಹೇಳಿಕೊಟ್ಟವನು. ನಾನು ಕೊಂಡದ್ದನ್ನು ಮಾರಿ ಒಂದು ರೂಪಾಯಿ ಲಾಭ ಮಾಡಿದವನಲ್ಲ. ಹಾಗೆಂದು ಹೇಳಿದೆ. ಅವರು ಬಿಡಲಿಲ್ಲ. "ನೀವು ಅಂಗಡೀಲೇ ಬೆಳೆದವರಂತಲ್ಲ ಮೇಷ್ಟ್ರೇ" ಎಂದರು. ಅದು ನಿಜ. ಎರಡು ಅಂಗಡಿಗಳಲ್ಲಿ ಬೆಳೆದವನು ನಾನು. ಒಂದು ಮುಚ್ಚಿಹೋಯಿತು, ಇನ್ನೊಂದು ನಿಂತಿತು. ಎರಡರ ಯಜಮಾನರಲ್ಲಿ ಯಾರು ಒಳ್ಳೆಯವರು ಎಂಬ ಪ್ರಶ್ನೆ ಮಾತ್ರ ನನ್ನ ಎಂಬತ್ತನೆಯ ವರ್ಷದಲ್ಲೂ ತೀರ್ಮಾನವಾಗದೆ ಉಳಿದಿದೆ.

ಮುಚ್ಚಿಹೋದ ಅಂಗಡಿ ನಮ್ಮ ತಂದೆಯವರದು. ಬಾಣಾವರದಲ್ಲಿತ್ತು. ಅಪ್ಪನದು ದೊಡ್ಡ ಕೈ. ಯಾರಾದರೂ ಬಂದು ಎದುರಿಗೆ ನಿಂತು ಕಣ್ಣೊರೆಸಿಕೊಂಡರೆ ಅವರ ಕೈ ತಾನಾಗಿಯೇ ಗಲ್ಲಾಪೆಟ್ಟಿಗೆಯೊಳಕ್ಕೆ ಹೋಗುತ್ತಿತ್ತು. ಮದುವೆಗೆ, ಮುಂಜಿಗೆ, ಹೆರಿಗೆಗೆ, ಕೋರ್ಟಿನ ಖರ್ಚಿಗೆ. ಇಂಥದಕ್ಕೆ ಎಂದು ಕೇಳುವ ಪದ್ಧತಿಯೂ ಇರಲಿಲ್ಲ. ಬರೆದಿಡುವ ಪದ್ಧತಿಯಂತೂ ಮೊದಲೇ ಇಲ್ಲ. ಮನೆಗೆ ಬೇಕಾದ ಬೇಳೆಬೆಲ್ಲ ಅಂಗಡಿಯ ಮೂಟೆಯಿಂದಲೇ ಬರುತ್ತಿತ್ತು. ಸಂಜೆ ನಾನು ಹೋದರೆ ಕಡಲೆಪುರಿಗೆಂದು ಒಂದಾಣೆ ಅದೇ ಪೆಟ್ಟಿಗೆಯಿಂದ ನನ್ನ ಕೈಗೂ ಬೀಳುತ್ತಿತ್ತು. ಊರಿನಲ್ಲಿ ಅಪ್ಪನನ್ನು ಕಂಡರೆ ಎದ್ದು ನಿಲ್ಲದವರಿರಲಿಲ್ಲ. 1955ರಲ್ಲಿ ಅಂಗಡಿ ಮುಚ್ಚಿತು. ಸಗಟು ಮಂಡಿಯವರು ರೂಪಾಯಿಗೆ ಆರಾಣೆಯಂತೆ ಒಪ್ಪಿಕೊಂಡು ಕಾಗದ ಹರಿದರು. ಅಪ್ಪ ದೂರದ ಊರಿನ ಒಂದು ಮಂಡಿಯಲ್ಲಿ ಗುಮಾಸ್ತೆಯಾಗಿ ಹೋದರು. ನನ್ನನ್ನೂ ಅಮ್ಮನನ್ನೂ ಅರಸೀಕೆರೆಯಲ್ಲಿದ್ದ ಸೋದರಮಾವ ತಮ್ಮ ಮನೆಗೆ ಕರೆದುಕೊಂಡರು.

ಮಾವನ ಅಂಗಡಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ. ಅರಸೀಕೆರೆ ಜಂಕ್ಷನ್ನು, ಬೆಂಗಳೂರಿನ ಕಡೆಯಿಂದ, ಮೈಸೂರಿನ ಕಡೆಯಿಂದ, ಹುಬ್ಬಳ್ಳಿಯ ಕಡೆಯಿಂದ ರೈಲುಗಳು ಬಂದು ಸೇರುವ ಸ್ಥಳ. ಗಿರಾಕಿಗಳಲ್ಲಿ ಮುಕ್ಕಾಲುಪಾಲು ರೈಲ್ವೆಯವರೇ: ಗ್ಯಾಂಗಿನವರು, ಪೋರ್ಟರುಗಳು, ಗೂಡ್ಸ್‌ಷೆಡ್ಡಿನಲ್ಲಿ ಮೂಟೆ ಹೊರುವವರು, ಅವರ ಹೆಂಡಿರುಮಕ್ಕಳು. ಮಾವ ಬೆಳಗಿನ ಪ್ಯಾಸೆಂಜರು ಬರುವುದಕ್ಕೆ ಮೊದಲು ಬಾಗಿಲು ತೆಗೆಯುತ್ತಿದ್ದರು. ಹಲಗೆಗಳನ್ನು ಒಂದೊಂದಾಗಿ ತೆಗೆದು, ನಂಬರಿನ ಪ್ರಕಾರ ಗೋಡೆಗೆ ಒರಗಿಸಿ, ತಕ್ಕಡಿಯ ಎರಡು ತಟ್ಟೆಗಳನ್ನೂ ಒಣಬಟ್ಟೆಯಿಂದ ಒರೆಸಿ, ಖಾಲಿ ತಟ್ಟೆಗಳಲ್ಲಿ ಮುಳ್ಳು ನೆಟ್ಟಗೆ ನಿಲ್ಲುತ್ತದೆಯೇ ಎಂದು ನೋಡಿ, ಆಮೇಲೆ ದೇವರ ಪಟಕ್ಕೆ ಕೈಮುಗಿಯುವುದು. ಈ ಕ್ರಮ ಹಿಂದುಮುಂದಾದದ್ದನ್ನು ನಾನು ಕಾಣೆ. ಮೊದಲು ತಕ್ಕಡಿ, ಆಮೇಲೆ ದೇವರು. ಇದರಲ್ಲಿ ಏನಾದರೂ ತತ್ತ್ವವಿತ್ತೋ, ಅಥವಾ ಒರೆಸಿದ ಕೈಯನ್ನು ತೊಳೆದ ಮೇಲೆ ಕೈಮುಗಿಯುವುದು ಅನುಕೂಲವೆಂದೋ, ನಾನು ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುವ ಪೈಕಿಯಲ್ಲ.

ಗಲ್ಲಾದ ವಿಷಯದಲ್ಲಿ ಅವರದೊಂದು ವಿಚಿತ್ರ. ಅತ್ತೆ ಅಡುಗೆಮನೆಯಿಂದ ಕೂಗಿ ಒಂದು ಪಾವು ತೊಗರಿಬೇಳೆ ತರಿಸಿಕೊಂಡರೆ, ಮಾವ ತಮ್ಮ ಅಂಗಿಯ ಜೇಬಿನಿಂದ ಅದರ ಕ್ರಯವನ್ನು ತೆಗೆದು ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಜೇಬಿನಲ್ಲಿ ಇಲ್ಲದಿದ್ದರೆ ಕಿರ್ದಿ ಪುಸ್ತಕದಲ್ಲಿ ತಮ್ಮ ಹೆಸರಿನ ಕೆಳಗೆ ಬರೆದುಕೊಳ್ಳುತ್ತಿದ್ದರು. ತನ್ನ ಅಂಗಡಿಯಿಂದ ತಾನೇ ಸಾಲ ತರುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಗು ಬರುತ್ತಿತ್ತು. ತಿಂಗಳಿಗೆ ಇಷ್ಟು ಎಂದು ತಮಗೆ ತಾವೇ ಒಂದು ಸಂಬಳ ಗೊತ್ತುಮಾಡಿಕೊಂಡಿದ್ದರು. ಮೊದಲ ತಾರೀಖಿನಂದು ಅದನ್ನು ಗಲ್ಲಾದಿಂದ ಎಣಿಸಿ ತೆಗೆದುಕೊಂಡು, ಕಿರ್ದಿಗೆ ಬರೆದು, ಆ ತಿಂಗಳು ಅದರಲ್ಲೇ ಜೀವಿಸುವುದು.

ನನಗೂ ಸಂಬಳವಿತ್ತು. 1956ರ ಜೂನಿನಿಂದ ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು ನಾನು ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದೆ. ತಿಂಗಳಿಗೆ ಐದು ರೂಪಾಯಿ. ಹನ್ನೊಂದು ವರ್ಷದ ಹುಡುಗನಿಗೆ ಅದು ರಾಜ್ಯ. ಆದರೆ ಮೊದಲ ತಿಂಗಳೇ ನನ್ನ ಕೈಗೆ ಬಂದದ್ದು ಮೂರು. ಎರಡು ರೂಪಾಯಿಯನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ, "ಇದನ್ನ ಬಾಣಾವರಕ್ಕೆ ಹೋಗಿ ಕೊಟ್ಟು ಬಾ" ಎಂದರು.

ಯಾರಿಗೆ ಎಂದರೆ, ಬಾಣಾವರದಲ್ಲಿ ಹೋಟೆಲೊಂದಕ್ಕೆ ಹಿಟ್ಟು ರುಬ್ಬಿಕೊಟ್ಟು ಜೀವನ ಮಾಡುತ್ತಿದ್ದ ಒಬ್ಬ ವಿಧವೆಗೆ. ಆಕೆ ರಟ್ಟೆ ನೋಯಿಸಿಕೊಂಡು ಉಳಿಸಿದ 140 ರೂಪಾಯಿಗಳನ್ನು, ಮನೆಯಲ್ಲಿಟ್ಟರೆ ಭಯವೆಂದು, ನಮ್ಮ ಅಪ್ಪನ ಬಳಿ ಇಟ್ಟಿದ್ದಳು. ಆ ಕಾಲದಲ್ಲಿ ಊರಿನ ನಂಬಿಕಸ್ಥ ಅಂಗಡಿಯೇ ಬ್ಯಾಂಕು. ಚೀಟಿ ಇರಲಿಲ್ಲ, ಸಾಕ್ಷಿ ಇರಲಿಲ್ಲ. ಮಂಡಿಯವರ ಬಳಿ ಕಾಗದವಿತ್ತು, ಅವರಿಗೆ ಆರಾಣೆಯಾದರೂ ಸಿಕ್ಕಿತು. ಈಕೆಗೆ ಬರಿಯ ಮಾತಿತ್ತು, ಏನೂ ಸಿಗಲಿಲ್ಲ. ಅಮ್ಮನಿಗೆ ಮಾತ್ರ ಗೊತ್ತಿದ್ದ ಈ ಸಂಗತಿ ಅವಳ ಬಾಯಿಂದ ಮಾವನಿಗೆ ತಿಳಿದಿತ್ತು.

ತಿಂಗಳಿಗೆ ಎರಡರಂತೆ 140 ರೂಪಾಯಿಗೆ ಎಪ್ಪತ್ತು ತಿಂಗಳು. 1962ರ ಮಾರ್ಚಿಯಲ್ಲಿ, ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುತ್ತಿದ್ದಾಗ, ಕೊನೆಯ ಕಂತು ಕೊಟ್ಟು ಬಂದೆ. ನಡುವೆ ಒಂದು ಸಲ ಸಿಟ್ಟು ಬಂದು ಮಾವನನ್ನು ಕೇಳಿದ್ದೆ: "ನಿಮ್ಮ ಹತ್ತಿರ ದುಡ್ಡಿದೆಯಲ್ಲ ಮಾವ, ಒಂದೇ ಸಲ ಕೊಟ್ಟುಬಿಡಬಹುದಲ್ಲ?" ಅವರು ಬರೆಯುತ್ತಿದ್ದ ತಲೆಯನ್ನೆತ್ತದೆ, "ಅದು ನಿಮ್ಮಪ್ಪನ ಖಾತೆ ಕಣೋ" ಎಂದರು. ಅಷ್ಟೇ. ಇದನ್ನು ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ. ಮಗನಿಗೆ ತಂದೆಯ ಋಣ ಗೊತ್ತಾಗಬೇಕೆಂಬುದು ಸರಿ. ಆದರೆ ಆ ಹೆಂಗಸು ಆರು ವರ್ಷ ಕಾಯಬೇಕಾಯಿತಲ್ಲ! ಮಾವ ಆಕೆಗೆ ಒಟ್ಟಿಗೆ ಕೊಟ್ಟು ನನ್ನಿಂದ ತಿಂಗಳ ತಿಂಗಳ ಹಿಡಿದುಕೊಳ್ಳಬಹುದಿತ್ತು. ಅವರಿಗೆ ಅದು ಹೊಳೆಯಲಿಲ್ಲವೋ, ಹೊಳೆದೂ ಬೇಡವೆನ್ನಿಸಿತೋ. ನಾನು ಬಾಣಾವರಕ್ಕೆ ಹೋಗಿಬರುವ ರೈಲಿನ ಚಾರ್ಜು ಮಾತ್ರ ನನ್ನ ಸಂಬಳದಿಂದಲೂ ಅಲ್ಲ, ಅಂಗಡಿಯಿಂದಲೂ ಅಲ್ಲ. ಅವರ ಸ್ವಂತ ಜೇಬಿನಿಂದ. ಅವರ ಔದಾರ್ಯದ ಎಲ್ಲೆ ಅಷ್ಟು ದೂರ ಹೋಗುತ್ತಿತ್ತು.

ಇನ್ನೊಂದು ಮಾತು ಹೇಳಬೇಕು. ಆ ಎಪ್ಪತ್ತು ತಿಂಗಳೂ ಆಕೆ ನನ್ನನ್ನು ಕೂರಿಸಿ, ಹೋಟೆಲಿನಿಂದ ತಂದಿಟ್ಟ ದೋಸೆಯನ್ನೋ ಇಡ್ಲಿಯನ್ನೋ ಕೊಟ್ಟು, "ನಿಮ್ಮಪ್ಪ ದೇವರಂಥಾ ಮನುಷ್ಯ ಕಣಪ್ಪ, ಅವರ ಟೈಮು ಸರಿಯಿರಲಿಲ್ಲ" ಎನ್ನುತ್ತಿದ್ದಳು. ಮಾವನ ಮಾತು ಬಂದರೆ, "ಅಯ್ಯೋ, ಆ ಜಿಪುಣ!" ತನ್ನ ಹಣವನ್ನು ಕಳೆದವನು ದೇವರು, ದೊರಕಿಸಿಕೊಟ್ಟವನು ಜಿಪುಣ. ಲೋಕದ ತೀರ್ಪು ಹೀಗೂ ಇರುತ್ತದೆ. ಆಕೆಯದು ತಪ್ಪು ತೀರ್ಪೆಂದು ನಾನು ಹೇಳಲಾರೆ. ಅಪ್ಪ ಆಕೆಯ ಕಷ್ಟವನ್ನು ಕೇಳಿದ್ದರು, ಹಬ್ಬಕ್ಕೆ ಸೀರೆ ಕೊಟ್ಟಿದ್ದರು. ಮಾವ ಆಕೆಯ ಮುಖವನ್ನೇ ನೋಡಿರಲಿಲ್ಲ.

ಅಪ್ಪ ಕೊಟ್ಟದ್ದೇನು ಎಂದು ಮಾತ್ರ ಯೋಚಿಸಬೇಕು. ಯಾರದೋ ಮದುವೆಗೆಂದು ಅವರು ಗಲ್ಲಾದಿಂದ ಎತ್ತಿಕೊಟ್ಟ ಹಣದಲ್ಲಿ ಈ ರುಬ್ಬುವ ಹೆಂಗಸಿನ ಹಣವೂ ಇತ್ತು. ಸಣ್ಣ ಅಂಗಡಿಯ ಪೆಟ್ಟಿಗೆಯಲ್ಲಿ ಸಂಜೆ ಕಾಣುವ ಹಣದೊಳಗೆ ಮಂಡಿಯವನಿಗೆ ಸೇರಬೇಕಾದ್ದು ಎಷ್ಟು, ಬಾಡಿಗೆಗೆ ಎಷ್ಟು, ಇಟ್ಟವರ ಇಡುಗಂಟು ಎಷ್ಟು, ನಾಳೆ ಮೂಟೆ ತರುವುದಕ್ಕೆ ಎಷ್ಟು ಎಂದು ಬಿಡಿಸಿದರೆ, ಯಜಮಾನನದು ಎನ್ನುವುದು ರೂಪಾಯಿಗೆ ಒಂದಾಣೆಯೋ ಒಂದೂವರೆ ಆಣೆಯೋ ಇದ್ದೀತು. ಅದೂ ವರ್ಷದ ಕೊನೆಗೆ ಲೆಕ್ಕ ಮುಗಿದಾಗ ಗೊತ್ತಾಗುವ ಮಾತು. ಆದರೆ ನಾಣ್ಯದ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಹದಿನಾರಾಣೆಯೂ ಒಂದೇ ರೀತಿ ಹೊಳೆಯುತ್ತದೆ. ಕರುಣೆ ಉಕ್ಕಿದಾಗ ಕೈಗೆ ಸಿಕ್ಕುವುದು ಯಾರ ಒಂದಾಣೆ ಎಂಬುದನ್ನು ಹೃದಯ ಕೇಳುವುದಿಲ್ಲ. ಅದನ್ನು ಕೇಳಬೇಕಾದ್ದು ಕಿರ್ದಿ ಪುಸ್ತಕ. ಅಪ್ಪನಿಗೆ ಹೃದಯವಿತ್ತು, ಪುಸ್ತಕವಿರಲಿಲ್ಲ. ಅವರ ದಾನದಲ್ಲಿ ಬಹುಭಾಗ ಅವರ ದಾನವೇ ಆಗಿರಲಿಲ್ಲ ಎಂದು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ಆದರೂ ಅದು ನಿಜ.

ಮಾವನೂ ಕೊಡದವರಲ್ಲ. ಗ್ಯಾಂಗಿನವರಿಗೆ ಸಂಬಳದ ದಿನದವರೆಗೆ ಉದ್ರಿ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಮಿತಿ. ಮಿತಿ ಮುಟ್ಟಿದ ಮೇಲೆ, "ಅಂಗಡಿಯಿಂದ ಆಗಲ್ಲಪ್ಪ" ಎನ್ನುತ್ತಿದ್ದರು. ಮಗುವಿಗೆ ಕಾಯಿಲೆ, ಮನೆಯಲ್ಲಿ ಅಕ್ಕಿಯಿಲ್ಲ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಹೆಸರಿಗೆ ಬರೆದುಕೊಂಡು ಒಂದು ಸೇರು ಅಕ್ಕಿ ಅಳೆದು ಕೊಟ್ಟದ್ದನ್ನು ಕಂಡಿದ್ದೇನೆ. ಕಂಡದ್ದು ಬಹಳ ಸಲವಲ್ಲ. ಸಂಬಳ ಗೊತ್ತುಮಾಡಿಕೊಂಡವನ ಕರುಣೆಗೂ ತಿಂಗಳ ಕೊನೆಯೊಂದಿರುತ್ತದೆ.

ಇನ್ನು 1957ರ ಸಂಗತಿ. ಆ ವರ್ಷದ ಏಪ್ರಿಲ್ ಒಂದರಿಂದ ನಯಾ ಪೈಸೆ ಬಂತು. ಅದುವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸು. ಇನ್ನು ಮೇಲೆ ರೂಪಾಯಿಗೆ ನೂರು ನಯಾ ಪೈಸೆ. ಹಳೆಯ ನಾಣ್ಯ, ಹೊಸ ನಾಣ್ಯ ಎರಡೂ ಕೆಲವು ವರ್ಷ ಜೊತೆಯಲ್ಲೇ ಓಡಾಡಿದವು. ಈಗಿನವರಿಗೆ ಆ ಫಜೀತಿ ಅರ್ಥವಾಗುವುದು ಕಷ್ಟ. ಒಂದಾಣೆ ಎಂದರೆ ಆರೂಕಾಲು ನಯಾ ಪೈಸೆ. ಕಾಲು ಪೈಸೆ ಎಂಬ ನಾಣ್ಯವಿಲ್ಲ. ಆದ್ದರಿಂದ ಅರ್ಧಕ್ಕೆ ಮೀರದ್ದನ್ನು ಬಿಡುವುದು, ಅರ್ಧಕ್ಕೆ ಮೀರಿದರೆ ಒಂದೆಂದು ಹಿಡಿಯುವುದು ಎಂಬ ಏರ್ಪಾಡು. ಒಂದಾಣೆಗೆ 6, ಮೂರಾಣೆಗೆ 19, ನಾಲ್ಕಾಣೆಗೆ 25. ಕಾಲಾಣೆ, ಎಂದರೆ ಮೂರು ಕಾಸು, ಒಂದೂವರೆಗಿಂತ ಚೂರು ಹೆಚ್ಚು, ಆದಕಾರಣ 2.

ಲೆಕ್ಕದಲ್ಲಿ ಚುರುಕಾಗಿದ್ದ ನನಗೆ ಇದರೊಳಗಿನ ಸೊಗಸು ಒಂದು ವಾರದಲ್ಲಿ ಹೊಳೆಯಿತು. ಪೋರ್ಟರನ ಹೆಂಡತಿ ಬಂದು ಕಾಲಾಣೆ ಎಣ್ಣೆ, ಕಾಲಾಣೆ ಉಪ್ಪು, ಕಾಲಾಣೆ ಮೆಣಸಿನಕಾಯಿ, ಕಾಲಾಣೆ ಹೊಗೆಸೊಪ್ಪು ಕೇಳುತ್ತಾಳೆ. ಒಟ್ಟು ಒಂದಾಣೆ, 6 ನಯಾ ಪೈಸೆ. ಆದರೆ ಒಂದೊಂದು ಸಾಮಾನಿಗೂ ಬೇರೆ ಬೇರೆಯಾಗಿ 2 ಎಂದು ಹಿಡಿದರೆ 8! ಸುಳ್ಳು ಹೇಳಿದಂತೆಯೂ ಇಲ್ಲ, ತೂಕದಲ್ಲಿ ಮೋಸವೂ ಇಲ್ಲ. ಕಾಲಾಣೆಗೆ 2 ಎಂಬುದು ಎಲ್ಲರೂ ಒಪ್ಪಿದ ದರ. ಸೇರುಗಟ್ಟಲೆ ಕೊಳ್ಳುವವರ ಹತ್ತಿರ ಈ ಉಪಾಯ ನಡೆಯುವುದಿಲ್ಲ ಎಂಬುದನ್ನೂ ಗಮನಿಸಿದೆ. ರೂಪಾಯಿಯ ವ್ಯಾಪಾರದಲ್ಲಿ ಚೂರುಪಾರು ಅಡಗಿಹೋಗುತ್ತದೆ. ಬಡವರ ಹತ್ತಿರ ಮಾತ್ರ ನಡೆಯುತ್ತದೆ. ಎಷ್ಟು ಬಡವರೋ ಅಷ್ಟು ಚೆನ್ನಾಗಿ ನಡೆಯುತ್ತದೆ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಯಾ ಪೈಸೆ ಹೆಚ್ಚು ಬೀಳತೊಡಗಿತು. ನಾನು ಅದರಲ್ಲಿ ಒಂದನ್ನೂ ಮುಟ್ಟಲಿಲ್ಲ. ಮಾವನಿಗೆ ಲಾಭ ಮಾಡಿಕೊಡುತ್ತಿದ್ದೇನೆ, ಒಂದು ದಿನ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ.

ರೊಕ್ಕದ ವ್ಯಾಪಾರವನ್ನು ಆಣೆಯ ಲೆಕ್ಕದಲ್ಲಿ ಸ್ಲೇಟಿನ ಮೇಲೆ ಗುರುತು ಹಾಕಬೇಕು. ರಾತ್ರಿ ಅದನ್ನು ಕೂಡಿ ಗಲ್ಲಾದೊಂದಿಗೆ ತಾಳೆ ನೋಡಬೇಕು. ಇದು ನಿಯಮ. ಎರಡು ಪೈಸೆ ಮೂರು ಪೈಸೆ ಹೆಚ್ಚುಕಡಮೆ ಬಂದರೆ ಹೊಸ ನಾಣ್ಯದ ಗಲಿಬಿಲಿ ಎಂದು ಮಾವ ಬಿಡುತ್ತಿದ್ದರು. ದಿನವೂ ಹೆಚ್ಚೇ ಬರತೊಡಗಿದಾಗ ಅವರಿಗೆ ನಿದ್ದೆ ಹೋಯಿತು. ಎರಡು ವಾರ ಒಂದು ಕಾಗದದ ಮೇಲೆ ಗುರುತು ಹಾಕಿಕೊಂಡು ಹೋದರು. ಒಂದು ರಾತ್ರಿ ನನ್ನನ್ನು ಕರೆದರು.

"ಗಲ್ಲಾದಲ್ಲಿ ಕಮ್ಮಿಯಾದರೆ ಕಳ್ಳ ಹೊರಗಿನಿಂದ ಬಂದಿರಬಹುದು. ಹೆಚ್ಚಾದರೆ ಒಳಗೇ ಇದಾನೆ. ಏನೋ ಮಾಡ್ತಿದೀಯ ನೀನು?"

ನಾನು ಹೆಮ್ಮೆಯಿಂದಲೇ ವಿವರಿಸಿದೆ. ಅವರು ಹೊಡೆಯಲಿಲ್ಲ. ಬೈಯಲೂ ಇಲ್ಲ. ಕಾಗದ ನೋಡಿ, "ಮೂರು ರೂಪಾಯಿ ಇಪ್ಪತ್ತೆಂಟು" ಎಂದರು. "ಮೊದಲು ಕೂಡು, ಆಮೇಲೆ ಪೈಸೆ ಮಾಡು. ಯಾರ ಯಾರ ಹತ್ತಿರ ತಗೊಂಡೆ, ಬರಿ."

ಬರೆದೆ. ಜ್ಞಾಪಕವಿದ್ದಷ್ಟು ಬರೆದೆ. ಅಷ್ಟಕ್ಕೂ ಕೊಸರು ಹಾಕಿಬಿಟ್ಟರಾಗದೇ ಎಂದು ನಾನು ಸೂಚಿಸಿದೆ. ಅಳೆದ ಮೇಲೆ ಒಂದು ಹಿಡಿ ಮೇಲೆ ಹಾಕುವುದು ಎಲ್ಲ ಅಂಗಡಿಗಳಲ್ಲೂ ಇದ್ದ ಮರ್ಯಾದೆಯೇ. ಮಾವ ತಲೆಯಾಡಿಸಿದರು. "ಕೊಸರು ನಾನು ಕೊಡೋದು. ಇದು ಅವರದು." ಆಮೇಲಿನ ಒಂದು ತಿಂಗಳು ಆ ಹೆಂಗಸರು ಬಂದಾಗಲೆಲ್ಲ ನಾನೇ, "ಮೊನ್ನೆ ಎರಡು ಪೈಸೆ ಹೆಚ್ಚು ತಗೊಂಡಿದ್ದೆ" ಎಂದು ಬಾಯಿಬಿಟ್ಟು ಹೇಳಿ ಕೊಡಬೇಕಾಯಿತು. ಕೆಲವರು ನಕ್ಕರು. ಒಬ್ಬಾಕೆ ಬೈದಳು. ಹನ್ನೆರಡು ವರ್ಷದ ಹುಡುಗನಿಗೆ ಅದೊಂದು ಗಲ್ಲು. ಹೀಗೆ 2 ರೂಪಾಯಿ 66 ಹಿಂದಕ್ಕೆ ಹೋಯಿತು. ಉಳಿದ 62 ನಯಾ ಪೈಸೆ ಯಾರದೆಂದು ಗೊತ್ತಾಗಲಿಲ್ಲ. ರೈಲಿನಿಂದ ಇಳಿದು ಬಂದು ಕೊಂಡು ಹೋದವರಿರಬಹುದು.

ಇಷ್ಟಾದ ಮೇಲೆ ವ್ಯಾಪಾರ ಕಡಮೆಯಾಯಿತೇ ಎಂದರೆ, ಬೆಳೆಯಿತು. ಆ ಅಂಗಡಿಯಲ್ಲಿ ಎರಡು ಪೈಸೆಯನ್ನೂ ಕರೆದು ಕೊಡುತ್ತಾರೆ ಎಂದು ರೈಲ್ವೆ ಲೈನುಮನೆಗಳಲ್ಲೆಲ್ಲ ಮಾತಾಯಿತು. ಮಕ್ಕಳನ್ನು ಸಾಮಾನಿಗೆ ಕಳಿಸುವವರು ಎದುರಿನ ಅಂಗಡಿ ಬಿಟ್ಟು ನಮ್ಮಲ್ಲಿಗೇ ಕಳಿಸತೊಡಗಿದರು.

ಇಲ್ಲಿಗೆ ಬಂದಾಗ ನನಗೆ ಕಾಲೇಜಿನಲ್ಲಿ ಪರಿಚಯವಾದ ಕಾಂಟ್ ಮಹಾಶಯರ ಜ್ಞಾಪಕ ಬರುತ್ತದೆ. ಜರ್ಮನ್ ತತ್ತ್ವಜ್ಞ ಇಮ್ಯಾನುಯಲ್ ಕಾಂಟ್ 1785ರಲ್ಲಿ ನೀತಿಯ ಬುಡವೇನು ಎಂಬುದನ್ನು ಕುರಿತು ಒಂದು ಚಿಕ್ಕ ಗ್ರಂಥ ಬರೆದ. ಅದರ ಮೊದಲ ಭಾಗದಲ್ಲೇ ಒಬ್ಬ ಅಂಗಡಿಕಾರ ಬರುತ್ತಾನೆ. ಆತ ತಿಳಿಯದ ಗಿರಾಕಿಯಿಂದ ಹೆಚ್ಚು ಬೆಲೆ ತೆಗೆದುಕೊಳ್ಳುವುದಿಲ್ಲ; ಎಲ್ಲರಿಗೂ ಒಂದೇ ಬೆಲೆ; ಚಿಕ್ಕ ಮಗು ಹೋದರೂ ದೊಡ್ಡವರಂತೆಯೇ ಕೊಂಡು ಬರಬಹುದು. ಸರಿ, ಆತ ಪ್ರಾಮಾಣಿಕನೇ? ಕಾಂಟ್ ಒಪ್ಪುವುದಿಲ್ಲ. ಹಾಗೆ ನಡೆದುಕೊಳ್ಳುವುದರಲ್ಲಿ ಆತನ ಲಾಭವೂ ಇದೆಯಲ್ಲ! ಗಿರಾಕಿಗಳ ಮೇಲಿನ ಪ್ರೀತಿಯೂ ಅಲ್ಲ, ಕರ್ತವ್ಯವೆಂಬ ಭಾವನೆಯೂ ಅಲ್ಲ, ಸ್ವಾರ್ಥದ ಜಾಣತನ ಎಂದು ಹೇಳಿ ಆತನನ್ನು ಪಕ್ಕಕ್ಕೆ ಸರಿಸುತ್ತಾನೆ. ಓದಿದಾಗ ನನಗೆ ಮಾವನನ್ನೇ ಯಾರೋ ಬೀದಿಯಲ್ಲಿ ನಿಲ್ಲಿಸಿ ಕೇಳಿದಂತಾಯಿತು.

ನಮ್ಮಲ್ಲೂ ಒಬ್ಬ ಅಂಗಡಿಕಾರನಿದ್ದಾನೆ. ಮಹಾಭಾರತದ ಶಾಂತಿಪರ್ವದ ತುಲಾಧಾರ. ಜಾಜಲಿ ಎಂಬ ತಪಸ್ವಿ ಅಲುಗದೆ ನಿಂತು ತಪಸ್ಸು ಮಾಡಿದಾಗ ಹಕ್ಕಿಗಳು ಆತನ ಜಟೆಯಲ್ಲಿ ಗೂಡು ಕಟ್ಟಿ ಮರಿ ಮಾಡಿದವು. ತನಗಿಂತ ಧರ್ಮಿಷ್ಠರಿಲ್ಲ ಎಂದು ಆತ ಹಿಗ್ಗಿದಾಗ, ಕಾಶಿಯ ತುಲಾಧಾರನನ್ನು ಹೋಗಿ ನೋಡು ಎಂಬ ವಾಣಿ ಕೇಳಿತು. ಹೋಗಿ ನೋಡಿದರೆ ಆತ ಗಂಧದ್ರವ್ಯ ಮುಂತಾದುವನ್ನು ಮಾರುತ್ತ ಅಂಗಡಿಯಲ್ಲಿ ಕುಳಿತಿದ್ದಾನೆ. ಹೆಂಡವೊಂದನ್ನು ಮಾರುವುದಿಲ್ಲ. ಎಲ್ಲ ಪ್ರಾಣಿಗಳ ವಿಷಯದಲ್ಲೂ ನನ್ನ ತಕ್ಕಡಿ ಸಮವಾಗಿರುತ್ತದೆ ಎಂಬುದೇ ಆತನ ಉಪದೇಶದ ಸಾರ. ಈ ಸಮತೂಕದಿಂದ ನಿನಗೆ ಲಾಭವಿಲ್ಲವೇ ಎಂದು ಜಾಜಲಿ ಕೇಳಲಿಲ್ಲ. ಕಾಂಟ್ ಆ ಅಂಗಡಿಗೆ ಹೋಗಿದ್ದರೆ ಕೇಳುತ್ತಿದ್ದ.

ಗ್ರೀಕರ ಅರಿಸ್ಟಾಟಲನ ಮಾತು ಬೇರೆ. ನ್ಯಾಯವಾದ ಕೆಲಸಗಳನ್ನು ಮಾಡಿ ಮಾಡಿಯೇ ಮನುಷ್ಯ ನ್ಯಾಯವಂತನಾಗುತ್ತಾನೆ, ಸದ್ಗುಣ ಅಭ್ಯಾಸದ ಮಗು ಎನ್ನುತ್ತಾನೆ ಆತ. ಮಾವನನ್ನು ಕಂಡವನಿಗೆ ಇದು ಹೆಚ್ಚು ಒಪ್ಪುತ್ತದೆ. ಅವರು ಪ್ರತಿ ಗಿರಾಕಿ ಬಂದಾಗಲೂ ಮೋಸ ಮಾಡಲೋ ಬೇಡವೋ ಎಂದು ತಮ್ಮೊಳಗೆ ವಿಚಾರಣೆ ನಡೆಸುತ್ತಿರಲಿಲ್ಲ. ದಿನಕ್ಕೆ ನೂರು ಸಲ ತಕ್ಕಡಿ ಎತ್ತುವವನು ನೂರು ಸಲವೂ ಧರ್ಮಾಧರ್ಮ ಚಿಂತಿಸುತ್ತ ಕುಳಿತರೆ ಸಂಜೆಯೊಳಗೆ ಒಂದಲ್ಲ ಒಂದು ಸಲ ಸೋಲುತ್ತಾನೆ. ಮುಖ್ಯವಾಗಿ ತಲೆನೋವಿದ್ದಾಗ, ಮಂಡಿಯವನ ಬಾಕಿ ಜ್ಞಾಪಕಕ್ಕೆ ಬಂದಾಗ. ಅಭ್ಯಾಸವೆನ್ನುವುದು ಆ ಪ್ರಶ್ನೆಯನ್ನೇ ಅಂಗಡಿಯೊಳಕ್ಕೆ ಬಿಡುವುದಿಲ್ಲ. ಅಂದಹಾಗೆ, ಕಾಂಟ್ ಸಂಜೆ ತಿರುಗಾಡಲು ಹೊರಡುವುದನ್ನು ನೋಡಿ ಊರಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರೆಂದು ಕಥೆಯಿದೆ. ಅಭ್ಯಾಸಕ್ಕೆ ನೀತಿಯ ಬೆಲೆ ಕೊಡಲು ಅಷ್ಟು ಹಿಂದೆಗೆದವನೇ ಅಭ್ಯಾಸದ ಮೂರ್ತಿಯಾಗಿದ್ದ!

ಇರಲಿ, ಸಭೆಯ ವಿಷಯಕ್ಕೆ ಬರೋಣ. ಹೋದೆ. ಯಶಸ್ಸಿನ ಸೂತ್ರಗಳ ಪುಸ್ತಕಗಳಲ್ಲಿರುವ ಹಾಗೆ ಬೆಳಗಿನ ಜಾವ ಏಳುವುದು, ನಗುನಗುತ್ತ ಮಾತಾಡಿಸುವುದು ಇವುಗಳ ಬಗ್ಗೆ ನಾನು ಹೆಚ್ಚೇನೂ ಹೇಳಲಿಲ್ಲ. ಮಾವ ನಕ್ಕದ್ದು ಕಡಮೆ. ಜೇಬು ಬೇರೆ, ಗಲ್ಲಾ ಬೇರೆ ಎಂಬ ಒಂದನ್ನೇ ಹೇಳಿದೆ. ಅದು ಅವರಿಗೆ ಕೂಡಲೇ ನಾಟಿತು, ಕಾರಣ ನಾನಲ್ಲ. 2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಫೋನಿನ ಮೂಲಕ, ಎಂದರೆ ಯು.ಪಿ.ಐ. ಮೂಲಕ, ಬಂದ ಹಣದ ಮೊತ್ತವನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ಎಲ್ಲರಿಗೂ ಗೊತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿ.ಎಸ್.ಟಿ. ನೋಂದಣಿ ಆಗಬೇಕಲ್ಲ. ಆಗ ಎಷ್ಟೋ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಈ ಹಣವೆಲ್ಲ ವ್ಯಾಪಾರದ್ದಲ್ಲ, ತಮ್ಮ ಕೊಟ್ಟ ಕೈಸಾಲ ಇದೆ, ಮಗಳ ಫೀಜಿಗೆ ಬಂದದ್ದಿದೆ ಎಂದು ಹೇಳಿಕೊಂಡವರು ಅನೇಕರು. ಅವರು ಸುಳ್ಳು ಹೇಳಿದರೆಂದು ನಾನು ಅನ್ನುವುದಿಲ್ಲ. ಒಂದೇ ಫೋನು, ಒಂದೇ ಖಾತೆ. ಗಲ್ಲಾಪೆಟ್ಟಿಗೆ ಎಂಬ ಮರದ ವಸ್ತುವೇ ಮಾಯವಾದ ಮೇಲೆ ಯಾವುದು ಯಾರದೆಂದು ಬಿಡಿಸುವುದು ಹೇಗೆ? ಅಪ್ಪನ ಪೆಟ್ಟಿಗೆ ಈಗ ಎಲ್ಲರ ಅಂಗೈಯಲ್ಲೂ ಇದೆ.

ಹೂವಿನ ಹೆಂಗಸು ಕೇಳಿದರು: "ಮೇಷ್ಟ್ರೇ, ಮನೇಲಿ ಮಗೂಗೆ ಜ್ವರ ಬಂದು ಡಾಕ್ಟರಿಗೆ ದುಡ್ಡು ಬೇಕು ಅಂದಾಗ, ಇದು ಅಂಗಡೀದು, ಇದು ಮನೇದು ಅಂತ ನೋಡ್ಕೊಂಡು ಕೂತಿರಕ್ಕಾಗತ್ತಾ?"

ಸುಲಭದ ಪ್ರಶ್ನೆಯಲ್ಲ. ಆಕೆಯದು ದಿನಕ್ಕೆ ಹುಟ್ಟಿ ದಿನಕ್ಕೆ ಬಾಡುವ ಬಂಡವಾಳ. ಬರೆದು ತೆಗೆದುಕೊಳ್ಳಿ, ಎಂದೆ. ತೆಗೆದುಕೊಳ್ಳಬೇಡಿ ಎಂದು ಮಾವನೂ ಅನ್ನುತ್ತಿರಲಿಲ್ಲ. ಬರೆದು ತೆಗೆದುಕೊ ಎನ್ನುತ್ತಿದ್ದರು. ಆಕೆಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಬೆಳಿಗ್ಗೆ ನಾಲ್ಕು ಗಂಟೆಗೆ ಮಾರುಕಟ್ಟೆಗೆ ಹೋಗಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವವರಿಗೆ ಬರೆಯುವ ಹೊತ್ತಾದರೂ ಎಲ್ಲಿದೆ ಎಂಬುದು ನನಗೂ ಆಮೇಲೆ ಮನೆಗೆ ಬರುವ ದಾರಿಯಲ್ಲಿ ತೋಚಿತು.

ದಿನಸಿಯವರೊಬ್ಬರು, "ನಿಮ್ಮ ಮಾವ ಎಷ್ಟು ಆಸ್ತಿ ಮಾಡಿದ್ದರು?" ಎಂದು ಕೇಳಿದರು. ಒಂದು ಮನೆ, ಮೂರು ಹೆಣ್ಣುಮಕ್ಕಳ ಮದುವೆ, ಯಾರಿಗೂ ಬಾಕಿಯಿಲ್ಲ. ಕೇಳಿದವರಿಗೆ ಸ್ವಲ್ಪ ನಿರಾಶೆಯಾಯಿತೆಂದು ತೋರುತ್ತದೆ.

ಆದರೆ ಬಾಕಿಯಿಲ್ಲ ಎಂದದ್ದು ತಪ್ಪು. ಮಾವ 1979ರ ಬೇಸಗೆಯಲ್ಲಿ ತೀರಿಕೊಂಡರು. ಅಂಗಡಿ ನಡೆಸುವವರಿರಲಿಲ್ಲ. ಲೆಕ್ಕ ಮುಗಿಸಿಕೊಡು ಎಂದು ಅವರ ದೊಡ್ಡ ಮಗಳು ನನ್ನನ್ನು ಕರೆಸಿದಳು. ಅವರು ಪ್ರತಿ ದೀಪಾವಳಿಗೆ ಹೊಸ ಪುಸ್ತಕ ಪೂಜೆ ಮಾಡಿ, ಹಳೆಯ ಬಾಕಿಗಳನ್ನು ಮೊದಲ ಪುಟಕ್ಕೆ ಎತ್ತಿಕೊಳ್ಳುವ ಪದ್ಧತಿ. ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ನೋಡುತ್ತ ಹೋದೆ. 1957ರ ದೀಪಾವಳಿಯ ಪುಸ್ತಕದ ಮೊದಲ ಪುಟದಲ್ಲಿ, ಮಂಡಿಯವರ ಹೆಸರುಗಳೆಲ್ಲ ಮುಗಿದ ಮೇಲೆ, ಕೊನೆಯ ಸಾಲು: ಹೆಸರು ತಿಳಿಯದವರಿಗೆ ಕೊಡತಕ್ಕದ್ದು, 62 ನಯಾ ಪೈಸೆ. 1958ರಲ್ಲೂ ಅದೇ ಸಾಲು. 1959ರಲ್ಲೂ. 1964ರಲ್ಲಿ ಸರ್ಕಾರದವರು 'ನಯಾ' ಎಂಬ ಮಾತನ್ನು ಬಿಟ್ಟರು. ಆ ವರ್ಷದ ಪುಸ್ತಕದಿಂದ ಮಾವನೂ ಬಿಟ್ಟು, ಬರಿಯ 62 ಪೈಸೆ ಎಂದು ಬರೆದಿದ್ದರು. ಹೀಗೆ 1978ರವರೆಗೆ ಇಪ್ಪತ್ತೆರಡು ಪುಸ್ತಕಗಳು.

ಇದು ಕಾಂಟನಿಗೆ ಸಾಕಾದೀತೇ ಎಂದು ಆ ದಿನ ಯೋಚಿಸಿದೆ. ಯಾರೂ ನೋಡದ ಪುಟ, ಯಾರೂ ಕೇಳಿ ಬಾರದ ಸಾಲ; ಇದರಲ್ಲಿ ಯಾವ ಗಿರಾಕಿ ಸಿಗುತ್ತಾನೆ, ಯಾವ ಲಾಭ ಬರುತ್ತದೆ? ಮರುಗಳಿಗೆಯಲ್ಲೇ ಇನ್ನೊಂದು ಅನುಮಾನವೂ ಬಂತು. ಇದು ಧರ್ಮಬುದ್ಧಿಯೋ, ಅಥವಾ ತಾಳೆಯಾಗದ ಲೆಕ್ಕವನ್ನು ಹೊಡೆದುಹಾಕಲು ಕೈಬಾರದ ಗುಮಾಸ್ತೆಯ ಚಟವೋ? ಗಣಿತದವನಾದ ನನಗೆ ಆ ಚಟದ ಪರಿಚಯ ಚೆನ್ನಾಗಿಯೇ ಇದೆ.

ಎಲ್ಲ ಬಾಕಿಗಳೂ ತೀರಿದ ಮೇಲೆ ಆ ಒಂದು ಸಾಲು ಉಳಿಯಿತು. ದೇವಸ್ಥಾನದ ಹುಂಡಿಗೆ ಹಾಕಿಬಿಡೋಣವೇ ಎಂದೆ. ಮಾವನ ಮಗಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿ, "ಅಪ್ಪ ವಾರವಾರ ದೇವಸ್ಥಾನಕ್ಕೆ ಹೋಗ್ತಿದ್ದರಲ್ಲ ಭಾವ, ಅವರೇ ಹಾಕಬಹುದಿತ್ತು" ಎಂದಳು. ಪುಸ್ತಕಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟೆವು. ಆ ಸಾಲನ್ನು ನಾನು ಹೊಡೆದುಹಾಕಲಿಲ್ಲ.